ಕೋಡಿ ಬಿದ್ದ ಸಕ್ಕರೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಕಾವಲ್ ಎಂದರೇನೆಂದು ಹೇಳಬೇಕಾದ್ದಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ಮೈಸೂರು ಅರಸರ ಕಾಲದಲ್ಲಿ ಸರ್ಕಾರದ ದನಗಳ ಮೇವಿಗೆಂದು ಕಾಯ್ದಿರಿಸಿದ ವಿಶಾಲವಾದ ಹುಲ್ಲುಗಾವಲುಗಳಿಗೆ ಆ ಹೆಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನ್ನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಬೇಸಿಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ಈ ಕಾವಲುಗಳನ್ನು ವಿಂಗಡಿಸಿ, ಒಂದು ಕಡೆ ದನ ಮೇಯುತ್ತಿರುವಾಗ ಇನ್ನೊಂದು ಕಡೆಯ ಹುಲ್ಲಿಗೆ ವಿರಾಮ ಕೊಡುವ ಪದ್ಧತಿಯಿತ್ತು. ವರವು ಕಾವಲ್ ಇಂಥ ಬಯಲುಗಳಲ್ಲಿ ಒಂದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿಗೆ ಸೇರಿದ ನೆಲ ಇದು. ಇಲ್ಲಿಯೇ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಕುದಾಪುರದ ಬಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವಿದೆ. ಕುರಿಗಳು ನಡೆಯುತ್ತಿದ್ದ ದಾರಿಗೆ ಅಡ್ಡಲಾಗಿ ಈಗ ಗೋಡೆಗಳಿವೆ.

ಆ ಕಾವಲಿನಲ್ಲಿ ಕುರಿ ಮೇಯಿಸಿ ಬೆಳೆದ ಹಿರಿಯರೊಬ್ಬರು ಈಗ ಮಗನೊಂದಿಗೆ ಚಳ್ಳಕೆರೆಯಲ್ಲಿ, ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಇದ್ದಾರೆ. ಹನ್ನೆರಡು ವರ್ಷಗಳಿಂದ ಅವರಿಗೆ ಸಿಹಿಮೂತ್ರದ ಕಾಯಿಲೆ. ಸಂಜೆ ರೇಡಿಯೋ ವಾರ್ತೆ ಮುಗಿದ ಮೇಲೆ ನಮ್ಮ ಜಗಲಿಗೆ ಬಂದು ಕೂರುವುದು ಅವರ ವಾಡಿಕೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಜೇಬಿನಿಂದ ಒಂದು ಮಾತ್ರೆಯ ಹಾಳೆ ತೆಗೆದು ನನ್ನ ಮುಂದಿಟ್ಟರು.

“ಮೇಷ್ಟ್ರೇ, ನನಗೊಂದು ತಿಳೀವಲ್ದು. ಉಚ್ಚೇಲಿ ಸಕ್ಕರೆ ಹೋಗೋದೇ ಈ ರೋಗ ಅಂತ ಹನ್ನೆರಡು ವರ್ಷದಿಂದ ಹೇಳ್ಕೊಂಡು ಬಂದ್ರು. ಈಗ ಈ ಮಾತ್ರೆ ಕೊಟ್ಟು, ‘ಅಜ್ಜಾ, ಇದು ಸಕ್ಕರೇನ ಉಚ್ಚೇಲಿ ಹೊರಗೆ ಹಾಕ್ತದೆ’ ಅಂತಾರಲ್ಲ! ರೋಗಾನೇ ಮದ್ದು ಮಾಡಿ ಕೊಟ್ಟಂಗಾಯ್ತಲ್ಲಪ್ಪ?”

ಪಕ್ಕದಲ್ಲಿದ್ದ ಮಗ ಇನ್ನೊಂದು ಕಾಗದ ತೋರಿಸಿದ. ಮಾತ್ರೆ ಶುರುಮಾಡಿ ಮೂರು ವಾರಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಅಂಶ ಸ್ವಲ್ಪ ಏರಿತ್ತು. “ಮೂತ್ರಪಿಂಡ ಉಳಿಸೋಕೆ ಅಂತ ಕೊಟ್ಟ ಮಾತ್ರೆ ಮೂತ್ರಪಿಂಡಾನೇ ತಿಂತಾ ಐತೆ ಸಾರ್. ನಾನು ನಿಲ್ಲಿಸಿಬಿಟ್ಟೀನಿ” ಎಂದ.

ತಂದೆಯ ಪ್ರಶ್ನೆಯೂ ಮಗನ ಭಯವೂ ತಿಳಿಗೇಡಿತನವಲ್ಲ. ಯೂರೋಪಿನ ದೊಡ್ಡ ದೊಡ್ಡ ಪಂಡಿತರೂ ಸುಮಾರು ನೂರು ವರ್ಷ ಇದೇ ಪ್ರಶ್ನೆಯ ಮುಂದೆ ನಿಂತಿದ್ದರು. ಆ ಕಥೆಯನ್ನು ಮೊದಲಿನಿಂದ ಹೇಳಿದರೆ ಇಬ್ಬರಿಗೂ ಉತ್ತರ ಸಿಕ್ಕೀತು.

ಮೂತ್ರದಲ್ಲಿ ಸಿಹಿಯಿರುವುದನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಜೇನಿನಂಥ ಮೂತ್ರವುಳ್ಳದ್ದಕ್ಕೆ ಮಧುಮೇಹವೆಂದು ಹೆಸರಿಟ್ಟಿವೆ. ಅಂಥ ಮೂತ್ರಕ್ಕೆ ಇರುವೆ ಮುತ್ತುವುದೂ ಅವರಿಗೆ ತಿಳಿದಿತ್ತು. ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1674ರಲ್ಲಿ ಆ ಸಿಹಿಯನ್ನು ಕುರಿತು ಬರೆದ. ನೂರು ವರ್ಷದ ಮೇಲೆ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಆರಿಸಿ, ಉಳಿದ ಗಸಿ ಸಕ್ಕರೆಯೇ ಎಂದು ತೋರಿಸಿದ. ರೋಗಿಯ ರಕ್ತದ ನೀರಿನಲ್ಲಿಯೂ ಸಿಹಿಯಿದೆಯೆಂದು ಕಂಡುಕೊಂಡ. ರೋಗದ ಬೇರು ಮೂತ್ರದಲ್ಲಿಲ್ಲ, ರಕ್ತದಲ್ಲಿದೆ ಎಂಬ ಅರಿವಿಗೆ ಅದು ಮೊದಲ ಹೆಜ್ಜೆ. ಆದರೂ ‘ಮೂತ್ರದಲ್ಲಿ ಸಕ್ಕರೆ’ ಎಂಬುದೇ ರೋಗದ ಗುರುತಾಗಿ ಜನರ ಬಾಯಲ್ಲಿ ಉಳಿಯಿತು.

ಇನ್ನು ಮದ್ದಿನ ಕಡೆಗೆ ಬರೋಣ. ಇದು ಹುಟ್ಟಿದ್ದು ಸೇಬಿನ ಮರದಲ್ಲಿ. ಹಣ್ಣಿನಲ್ಲಲ್ಲ, ಬೇರಿನ ತೊಗಟೆಯಲ್ಲಿ. 1835ರಲ್ಲಿ ರಸಾಯನಶಾಸ್ತ್ರಜ್ಞರು ಆ ತೊಗಟೆಯಿಂದ ಒಂದು ಕಹಿ ವಸ್ತುವನ್ನು ಬೇರ್ಪಡಿಸಿ ಫ್ಲೋರಿಜಿನ್ ಎಂದು ಕರೆದರು. ಸಿಂಕೋನಾ ತೊಗಟೆಯ ಕಹಿಯಾದ ಕ್ವಿನೈನಿನಿಂದ ಚಳಿಜ್ವರ ಇಳಿಯುತ್ತಿದ್ದುದರಿಂದ, ಕಹಿಯಾದದ್ದೆಲ್ಲ ಜ್ವರಕ್ಕೆ ಮದ್ದೇನೋ ಎಂಬ ಆಸೆ ಆಗ ಇತ್ತು. ಫ್ಲೋರಿಜಿನನ್ನೂ ಜ್ವರಕ್ಕೆ ಕೊಟ್ಟು ನೋಡಿದರು.

1886ರಲ್ಲಿ ಸ್ಟ್ರಾಸ್‌ಬರ್ಗಿನ ಯೋಸೆಫ್ ಫಾನ್ ಮೆರಿಂಗ್ ಎಂಬ ವೈದ್ಯ ಈ ವಸ್ತುವನ್ನು ನಾಯಿಗಳಿಗೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಅವುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಮದ್ದಿನಿಂದ ಮಧುಮೇಹ ಬರಿಸಿದೆನೆಂದು ಯಾರಿಗೂ ಅನ್ನಿಸಬೇಕಾದ ಸಂಗತಿ. ಆದರೆ ಒಂದು ತೊಡಕಿತ್ತು. ಆ ನಾಯಿಗಳ ರಕ್ತದಲ್ಲಿ ಸಕ್ಕರೆ ಏರಿರಲಿಲ್ಲ. ಮೂರು ವರ್ಷದ ಮೇಲೆ, 1889ರಲ್ಲಿ, ಅದೇ ಫಾನ್ ಮೆರಿಂಗ್ ಆಸ್ಕರ್ ಮಿಂಕೋವ್‌ಸ್ಕಿಯ ಜೊತೆ ಸೇರಿ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ನಿಜವಾದ ಮಧುಮೇಹ ಕಾಣಿಸಿಕೊಂಡಿತು. ಈ ಸಲ ರಕ್ತದಲ್ಲಿಯೂ ಸಕ್ಕರೆ ಏರಿತು. ಜಗತ್ತಿನ ಗಮನವೆಲ್ಲ ಆ ಗ್ರಂಥಿಯ ಕಡೆಗೆ ತಿರುಗಿತು. ಅದರ ಫಲವಾಗಿ 1921ರಲ್ಲಿ ಟೊರಾಂಟೋ ನಗರದಲ್ಲಿ ಇನ್ಸುಲಿನ್ ಸಿದ್ಧಿಸಿ, 1922ರ ಜನವರಿಯಲ್ಲಿ ಮೊದಲ ರೋಗಿಗೆ ಅದನ್ನು ಕೊಟ್ಟರು. ಸೇಬಿನ ತೊಗಟೆಯ ಕಹಿ ಪ್ರಯೋಗಶಾಲೆಯ ಬೀರುವಿನಲ್ಲಿ ಉಳಿಯಿತು.

ಒಬ್ಬನೇ ಮನುಷ್ಯ ಮೂರು ವರ್ಷಗಳ ಅಂತರದಲ್ಲಿ ಎರಡು ಬಾಗಿಲು ತೆರೆದ. ಒಂದರಿಂದ ಇನ್ಸುಲಿನ್ ಬೇಗ ಬಂತು. ಇನ್ನೊಂದರಿಂದ ಮದ್ದು ಬರಲು ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ತಡವೇಕೆ? ಮೂತ್ರಪಿಂಡ ಸಕ್ಕರೆಯನ್ನು ಏನು ಮಾಡುತ್ತದೆಂಬುದೇ ಸರಿಯಾಗಿ ತಿಳಿದಿರಲಿಲ್ಲ.

ಈ ವಿಷಯವನ್ನು ಕೆರೆಯ ಮಾತಿನಲ್ಲಿ ಹೇಳುವುದು ಸುಲಭ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರವನ್ನು ಎಲ್ಲರೂ ಬಲ್ಲರು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೆರೆಯ ನೀರು ಕೋಡಿಯ ಮಟ್ಟಕ್ಕಿಂತ ಕೆಳಗಿರುವವರೆಗೆ ಒಂದು ಹನಿಯೂ ಆಚೆ ಹೋಗದು. ಮಟ್ಟ ಮೀರಿದೊಡನೆ ಹರಿಯತೊಡಗುತ್ತದೆ. ನಮ್ಮ ದೇಹದಲ್ಲಿಯೂ ಸಕ್ಕರೆಗೆ ಹೀಗೆ ಒಂದು ಕೋಡಿಯಿದೆ. ರಕ್ತದ ಒಂದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಅದರ ಮಟ್ಟ. ಅಲ್ಲಿಯವರೆಗೆ ಮೂತ್ರದಲ್ಲಿ ಸಕ್ಕರೆ ಕಾಣದು, ದಾಟಿದರೆ ಕಾಣುತ್ತದೆ.

ಆದರೆ ಇಲ್ಲಿ ಕೆರೆಗೂ ಮೂತ್ರಪಿಂಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೆರೆಯಲ್ಲಿ ನೀರು ಸುಮ್ಮನೆ ನಿಂತಿರುತ್ತದೆ. ಮೂತ್ರಪಿಂಡ ಮಾತ್ರ ಸುಮ್ಮನಿರುವ ಅಂಗವಲ್ಲ. ಎರಡೂ ಸೇರಿ ಸುಮಾರು 300 ಗ್ರಾಂ ತೂಗುವ ಈ ಅಂಗಗಳಿಗೆ ಹೃದಯ ಹೊರದೂಡುವ ರಕ್ತದ ಐದನೆಯ ಒಂದು ಪಾಲು ಹರಿದು ಬರುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ತಿಳಿದ್ರವ ಸೋಸಿ ಸಣ್ಣ ಸಣ್ಣ ನಾಳಗಳಿಗೆ ಇಳಿಯುತ್ತದೆ. ನಾವು ಮೂತ್ರವಾಗಿ ಬಿಡುವುದು ಒಂದೆರಡು ಲೀಟರು ಮಾತ್ರ. ಮಿಕ್ಕದ್ದನ್ನೆಲ್ಲ ನಾಳದ ಗೋಡೆಯ ಕಣಗಳು ಎಳೆದುಕೊಂಡು ರಕ್ತಕ್ಕೆ ಮರಳಿಸುತ್ತವೆ. ಆರೋಗ್ಯವಂತನ ರಕ್ತದಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಸಕ್ಕರೆ. 180 ಲೀಟರಿಗೆ 180 ಗ್ರಾಂ ಆಯಿತು. ಅಷ್ಟನ್ನೂ ದಿನದಿನವೂ ಹೆಕ್ಕಿ ತರಬೇಕು. ಅದು ಕೂಲಿಯಿಲ್ಲದೆ ಆಗುವ ಕೆಲಸವಲ್ಲ; ಪ್ರಾಣವಾಯುವನ್ನು ಉರಿಸಿ ಶಕ್ತಿ ಪಡೆದೇ ಆಗಬೇಕು.

ಹೆಕ್ಕುವ ಬಗೆಯನ್ನು ಮೊದಲು ಸ್ಪಷ್ಟವಾಗಿ ಹೇಳಿದವನು ರಾಬರ್ಟ್ ಕ್ರೇನ್. 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಆತ, ಕರುಳಿನ ಕಣಗಳು ಸಕ್ಕರೆಯನ್ನು ಒಂಟಿಯಾಗಿ ಎಳೆದುಕೊಳ್ಳುವುದಿಲ್ಲ, ಉಪ್ಪಿನಲ್ಲಿರುವ ಸೋಡಿಯಂ ಜೊತೆಗೂಡಿಸಿ ಒಳಗೆ ಬಿಡುತ್ತವೆ ಎಂದು ವಿವರಿಸಿದ. ಒಂದು ಬಾಗಿಲಿನಲ್ಲಿ ಇಬ್ಬರೂ ಜೋಡಿಯಾಗಿ ಬಂದರೇನೇ ಪ್ರವೇಶ. ಈ ತತ್ತ್ವದಿಂದ ನಮ್ಮ ದೇಶಕ್ಕೆ ಆದ ಉಪಕಾರವನ್ನು ಮರೆಯಬಾರದು. ವಾಂತಿಭೇದಿಯಾದ ಮಗುವಿಗೆ ತಾಯಂದಿರು ಕುಡಿಸುವ ಉಪ್ಪು ಸಕ್ಕರೆಯ ನೀರು ಕೆಲಸ ಮಾಡುವುದು ಇದೇ ಜೋಡಿಬಾಗಿಲಿನಿಂದ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಆ ನೀರಿನಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು.

ಮೂತ್ರಪಿಂಡದ ನಾಳಗಳಲ್ಲಿಯೂ ಇಂಥ ಬಾಗಿಲುಗಳೇ ಇವೆ. ಅವು ಎರಡು ಬಗೆ. ನಾಳದ ಆರಂಭದಲ್ಲಿರುವ ಬಗೆಗೆ ವಿಜ್ಞಾನಿಗಳು ‘ಎಸ್‌ಜಿಎಲ್‌ಟಿ 2’ ಎಂದು ಹೆಸರಿಟ್ಟಿದ್ದಾರೆ. ಸೋಸಿ ಬಂದ ಸಕ್ಕರೆಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಇದೇ ಒಳಗೆಳೆಯುತ್ತದೆ. ಮುಂದೆ ಇರುವ ಇನ್ನೊಂದು ಬಗೆ ಮಿಕ್ಕ ಹತ್ತನ್ನು ಹೆಕ್ಕುತ್ತದೆ. ಕರುಳಿನಲ್ಲಿರುವುದೂ ಈ ಎರಡನೆಯ ಬಗೆಯೇ. ಸೇಬಿನ ತೊಗಟೆಯ ಫ್ಲೋರಿಜಿನ್ ಎರಡು ಬಗೆಯ ಬಾಗಿಲನ್ನೂ ಮುಚ್ಚಿಬಿಡುತ್ತಿತ್ತು. ಹೀಗಾಗಿ ನುಂಗಿದವರ ಹೊಟ್ಟೆ ಕೆಡುತ್ತಿತ್ತು; ಜೊತೆಗೆ ಕರುಳಿನಲ್ಲಿಯೇ ಅದು ಒಡೆದು ಹೋಗಿ ರಕ್ತಕ್ಕೆ ಸೇರುತ್ತಿದ್ದುದೂ ಅಲ್ಪ. ಆದ್ದರಿಂದ ಅದು ಮದ್ದಾಗಲಿಲ್ಲ.

1987ರಲ್ಲಿ ಮಧುಮೇಹದ ಇಲಿಗಳಿಗೆ ಫ್ಲೋರಿಜಿನನ್ನು ಚುಚ್ಚಿ ನೋಡಿದಾಗ, ಅವುಗಳ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಇಳಿದದ್ದಲ್ಲದೆ, ಇನ್ಸುಲಿನಿಗೆ ಮಣಿಯುವ ಗುಣವೂ ದೇಹಕ್ಕೆ ಮರಳಿ ಬಂತು. ಇನ್ನೊಂದು ಸಾಕ್ಷಿ ಮನುಷ್ಯರಲ್ಲಿಯೇ ಇತ್ತು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಈ ಮೊದಲ ಬಗೆಯ ಬಾಗಿಲು ಕೆಟ್ಟಿರುತ್ತದೆ. ಅಂಥವರ ಮೂತ್ರದಲ್ಲಿ ಜೀವಮಾನವೆಲ್ಲ ಸಕ್ಕರೆ ಹೋಗುತ್ತದೆ. ಆದರೂ ಬಹುಮಟ್ಟಿಗೆ ಅವರು ಆರೋಗ್ಯವಾಗಿಯೇ ಬಾಳುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೋಗುವುದು ತಾನಾಗಿ ರೋಗವಲ್ಲವೆಂದು ಇದರಿಂದ ಸಿದ್ಧವಾಯಿತು. ನಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಕೋಡಿಯಲ್ಲಿ ನೀರು ಹರಿಯುವುದರಿಂದ ಏರಿ ಒಡೆಯುವುದಿಲ್ಲ. ಕೆರೆಯ ಒಳಗೆ ಮಿತಿಮೀರಿ ನಿಂತ ನೀರಿನ ಒತ್ತಡದಿಂದ ಒಡೆಯುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಸಕ್ಕರೆ ಕಾಯಿಲೆ ಬಂದವರಲ್ಲಿ ಮೂತ್ರಪಿಂಡವು ಹೆಚ್ಚಾದ ಸಕ್ಕರೆಯನ್ನು ಧಾರಾಳವಾಗಿ ಹೊರಗೆ ಬಿಡಬೇಕಾಗಿತ್ತು. ಅದು ಹಾಗೆ ಮಾಡುವುದಿಲ್ಲ. ಬರಗಾಲ ಕಂಡ ರೈತನು ಒಂದು ಕಾಳನ್ನೂ ಬಿಡದೆ ಬಳಿಯುವಂತೆ, ಇನ್ನಷ್ಟು ಎಳೆದುಕೊಳ್ಳುವ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಕೋಡಿಯ ಮಟ್ಟವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಹಸಿವಿನ ಯುಗಗಳಲ್ಲಿ ಈ ಜಿಪುಣತನದಿಂದ ಉಪಯೋಗವಿತ್ತು. ಸಕ್ಕರೆ ಕಾಯಿಲೆಯಲ್ಲಿ ಅದೇ ಮುಳುವಾಗುತ್ತದೆ.

ಹೇಗೆಂದರೆ, ಸಕ್ಕರೆಯ ಜೊತೆಗೆ ಸೋಡಿಯಂ ಕೂಡ ಒಳಗೆ ಬರುತ್ತದಷ್ಟೆ. ಆರಂಭದಲ್ಲೇ ಎಲ್ಲವನ್ನೂ ಎಳೆದುಕೊಂಡರೆ ನಾಳದ ಕೆಳಭಾಗಕ್ಕೆ ಇಳಿಯುವ ಸೋಡಿಯಂ ಕಡಿಮೆಯಾಗುತ್ತದೆ. ಅಲ್ಲಿ ನೀರುಗಂಟಿಯಂತೆ ಕಾದಿರುವ ಕೆಲವು ಕಣಗಳಿವೆ. ಕೆರೆಯಿಂದ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳುವ ನೀರುಗಂಟಿ, ಕಾಲುವೆಯ ಕೊನೆಗೆ ನೀರು ಬರಲಿಲ್ಲವೆಂದು ಕಂಡರೆ ತೂಬು ಹೆಚ್ಚು ತೆಗೆಯುತ್ತಾನಲ್ಲವೆ? ಹಾಗೆಯೇ ಈ ಕಣಗಳು ಸೋಡಿಯಂ ಕಡಿಮೆಯಾದದ್ದನ್ನು ಕಂಡು, ಸೋಸುವ ರಕ್ತವೇ ಸಾಲದೆಂದು ತಪ್ಪು ತಿಳಿದು, ಒಳಬರುವ ರಕ್ತನಾಳವನ್ನು ಅಗಲ ಮಾಡುತ್ತವೆ. ಜರಡಿಯ ಮೇಲೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ಜರಡಿಯ ಕಣ್ಣು ಹರಿದು ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ನೋವಿಲ್ಲ, ಉರಿಯಿಲ್ಲ. ಕಾಲು ಊದಿಕೊಂಡು ರೋಗಿಗೆ ಅರಿವಾಗುವ ವೇಳೆಗೆ ಬಹಳ ಮಟ್ಟಿನ ನಷ್ಟ ಆಗಿಹೋಗಿರುತ್ತದೆ.

ನಾಳದ ಗೋಡೆಯ ಕಣಗಳ ಪಾಡೂ ಕಷ್ಟವೇ. ಅವು ಕೊಬ್ಬಿನಾಮ್ಲಗಳನ್ನು ಉರಿಸಿ ಶಕ್ತಿ ಪಡೆಯುತ್ತವೆ; ಅದಕ್ಕೆ ಪ್ರಾಣವಾಯು ಬಹಳ ಬೇಕು. ಕೆಲಸ ಹೆಚ್ಚಾದಂತೆ ಉಸಿರು ಸಾಲದೆ ಬಳಲುತ್ತವೆ. ಒಂದೇ ಕಾವಲಿನಲ್ಲಿ ವರ್ಷವೆಲ್ಲ ದನ ಬಿಟ್ಟು ಮೇಯಿಸಿದರೆ ಹುಲ್ಲಿನ ಬೇರಿಗೂ ಚೈತನ್ಯ ಉಳಿಯದು. ಅಮೃತ ಮಹಲಿನವರು ಕಾವಲಿಗೆ ವಿರಾಮ ಕೊಡುತ್ತಿದ್ದುದು ಇದಕ್ಕಾಗಿಯೇ. ಮೂತ್ರಪಿಂಡಕ್ಕೆ ಅಂಥ ವಿರಾಮ ಕೊಡುವ ಮದ್ದು ಬೇಕಾಗಿತ್ತು.

ಸೇಬಿನ ತೊಗಟೆಯ ಅಣುವನ್ನೇ ಮಾದರಿಯಾಗಿಟ್ಟುಕೊಂಡು, ಕರುಳಿನಲ್ಲಿ ಒಡೆಯದಂತೆಯೂ ಮೊದಲ ಬಗೆಯ ಬಾಗಿಲನ್ನು ಮಾತ್ರ ಮುಚ್ಚುವಂತೆಯೂ ಅದನ್ನು ತಿದ್ದಿದರು. ಹೀಗೆ ಬಂದವು ಡಾಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್‌ಗೆ ಯೂರೋಪಿನಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಕೆನಾಗ್ಲಿಫ್ಲೋಜಿನ್‌ಗೆ 2013ರಲ್ಲಿ, ಮಿಕ್ಕ ಎರಡಕ್ಕೆ 2014ರಲ್ಲಿ. ಆಗ ಇವುಗಳ ಮೇಲೆ ವೈದ್ಯರಿಗೆ ಅಂಥ ಭರವಸೆಯೇನೂ ಇರಲಿಲ್ಲ. ದಿನಕ್ಕೆ ಅರವತ್ತು ಎಂಬತ್ತು ಗ್ರಾಂ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ತೂಕ ಸ್ವಲ್ಪ ಇಳಿಯುತ್ತದೆ, ಅಷ್ಟೇ ಎಂದುಕೊಂಡಿದ್ದರು.

ಇತಿಹಾಸ ತಿರುಗಿದ್ದು ಒಂದು ಅನುಮಾನದಿಂದ. ಅದಕ್ಕೆ ಮುಂಚೆ ಬಂದಿದ್ದ ಬೇರೊಂದು ಸಕ್ಕರೆ ಮದ್ದಿನಿಂದ ಹೃದಯಕ್ಕೆ ಅಪಾಯವಿರಬಹುದೆಂಬ ಕೂಗು 2007ರಲ್ಲಿ ಎದ್ದಿತ್ತು. ಆದ್ದರಿಂದ ಹೊಸ ಮದ್ದುಗಳೆಲ್ಲ ಹೃದಯಕ್ಕೆ ಕೇಡು ಮಾಡುವುದಿಲ್ಲವೆಂದು ತೋರಿಸಬೇಕೆಂದು ಅಮೆರಿಕದ ಔಷಧ ಆಡಳಿತ 2008ರಲ್ಲಿ ಸೂಚಿಸಿತು. ಕೇಡಿಲ್ಲವೆಂದು ತೋರಿಸಲು ಹೊರಟ ಪರೀಕ್ಷೆಯಲ್ಲಿ ಹಿತವೇ ಕಾಣಿಸಿತು. 7,020 ರೋಗಿಗಳ ಮೇಲೆ ಎಂಪಾಗ್ಲಿಫ್ಲೋಜಿನ್ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದಾದ ಸಾವು ಶೇಕಡಾ 38ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡವೂ ನಿಧಾನವಾಗಿ ಸವೆಯುತ್ತಿತ್ತು. 2019ರಲ್ಲಿ, ಸಕ್ಕರೆ ಕಾಯಿಲೆಯಿಂದಲೇ ಮೂತ್ರಪಿಂಡ ಕೆಟ್ಟ 4,401 ಜನರಲ್ಲಿ ಕೆನಾಗ್ಲಿಫ್ಲೋಜಿನ್ ಪರೀಕ್ಷಿಸಿದಾಗ, ಮುಖ್ಯ ಅನಾಹುತಗಳು ಶೇಕಡಾ 30ರಷ್ಟು ಇಳಿದವು. ಫಲ ಅಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಸರದಿ. 4,304 ಜನರಲ್ಲಿ ಶೇಕಡಾ 39ರಷ್ಟು ಇಳಿತ. ಆ ಪೈಕಿ ಸುಮಾರು ಮೂರನೆಯ ಒಂದು ಭಾಗದವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಅವರಿಗೂ ಗುಣ ಕಂಡಿತು.

ಸಕ್ಕರೆ ಕಾಯಿಲೆ ಇಲ್ಲದವರಿಗೂ ಉಪಯೋಗವಾಯಿತೆಂದರೆ, ಈ ಮದ್ದಿನ ಕೆಲಸ ರಕ್ತದ ಸಕ್ಕರೆ ಇಳಿಸುವುದಷ್ಟೇ ಅಲ್ಲವೆಂದಾಯಿತು. ಬಾಗಿಲು ಮುಚ್ಚಿದೊಡನೆ ಸೋಡಿಯಂ ನಾಳದ ಕೆಳಗಿನವರೆಗೆ ಇಳಿಯುತ್ತದೆ. ನೀರುಗಂಟಿ ಕಣಗಳಿಗೆ ಸಮಾಧಾನವಾಗಿ ತೂಬನ್ನು ತಗ್ಗಿಸುತ್ತವೆ. ಜರಡಿಯ ಮೇಲಿನ ಒತ್ತಡ ಇಳಿಯುತ್ತದೆ. ಸಕ್ಕರೆ ಹೆಕ್ಕುವ ದುಡಿಮೆ ತಗ್ಗಿದ ಕಣಗಳಿಗೆ ವಿಶ್ರಾಂತಿ ಸಿಗುತ್ತದೆ. ಇತ್ತ ದೇಹಕ್ಕೆ, ಸಕ್ಕರೆ ಹೊರಗೆ ಹೋಗುತ್ತಿರುವುದರಿಂದ, ಉಪವಾಸವಿದ್ದಂತೆ ತೋರುತ್ತದೆ. ಯಕೃತ್ತು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇಂಧನವನ್ನು ಸ್ವಲ್ಪ ಹೆಚ್ಚಾಗಿ ತಯಾರಿಸುತ್ತದೆ. ಈ ಕೀಟೋನುಗಳು ಮೂತ್ರಪಿಂಡದ ಕಣಗಳ ಅತಿಯಾದ ಬೆಳವಣಿಗೆಯ ಹುರುಪನ್ನು ತಗ್ಗಿಸಿ ಕಾಪಾಡುತ್ತವೆಂದು ಜಪಾನಿನ ಸಂಶೋಧಕರು 2020ರಲ್ಲಿ ಇಲಿಗಳಲ್ಲಿ ತೋರಿಸಿದರು.

ಈಗ ಮಗನ ಭಯಕ್ಕೆ ಉತ್ತರ ಹೇಳಬಹುದು. ಜರಡಿಯ ಮೇಲಿನ ಒತ್ತಡ ಇಳಿದಾಗ ಸೋಸುವ ವೇಗವೂ ಮೊದಲ ಕೆಲವು ವಾರ ಸ್ವಲ್ಪ ಇಳಿಯುತ್ತದೆ. ಹಾಗಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದಂತೆ ಕಾಣುತ್ತದೆ. ಅದು ಸವೆತದ ಲಕ್ಷಣವಲ್ಲ, ವಿರಾಮದ ಲಕ್ಷಣ. ಸೋಸುವ ವೇಗದ ಇಳಿತ ಶೇಕಡಾ 30ರೊಳಗಿದ್ದರೆ ವೈದ್ಯರು ಸಾಮಾನ್ಯವಾಗಿ ಅದಕ್ಕಾಗಿ ಮದ್ದು ನಿಲ್ಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇರೆ ಕಾರಣ ಹುಡುಕುತ್ತಾರೆ. ಮುಂದಿನ ವರ್ಷಗಳಲ್ಲಿ ಈ ಮಾತ್ರೆ ತೆಗೆದುಕೊಂಡವರ ಮೂತ್ರಪಿಂಡ ನಿಧಾನವಾಗಿ ಇಳಿಯುತ್ತದೆ, ತೆಗೆದುಕೊಳ್ಳದವರದು ಬೇಗ ಇಳಿಯುತ್ತದೆ. ಮೂರು ವಾರದ ಒಂದು ಕಾಗದ ನೋಡಿ ನಿಲ್ಲಿಸಿದವರು ಆ ಮುಂದಿನ ಲಾಭವನ್ನು ಕಳೆದುಕೊಳ್ಳುತ್ತಾರೆ.

ಹಾಗೆಂದು ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ನುಂಗುವ ಮಾತ್ರೆಯಲ್ಲ. ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ತಿಳಿಯಬೇಕು. ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ನಡೆದು ಹೋಗುವವರೂ, ಉಪವಾಸ ವ್ರತ ಹಿಡಿಯುವವರೂ ಇಲ್ಲಿ ಅನೇಕರು. ಈ ಮಾತ್ರೆ ಸಕ್ಕರೆಯ ಜೊತೆ ನೀರನ್ನೂ ಸೆಳೆದೊಯ್ಯುತ್ತದೆ; ಬಿಸಿಲಿನಲ್ಲಿ ನೀರು ಸಾಲದಿದ್ದರೆ ವಯಸ್ಸಾದವರಿಗೆ ತಲೆ ಸುತ್ತಿ ಬೀಳುವ ಭಯವಿದೆ. ಊಟವಿಲ್ಲದ ದಿನ, ವಾಂತಿಭೇದಿಯಾದಾಗ, ಜ್ವರ ಬಂದು ಮಲಗಿದಾಗ, ಮೊದಲು ಹಿತವಾಗಿದ್ದ ಕೀಟೋನೇ ಮಿತಿಮೀರಿ ರಕ್ತವನ್ನು ಹುಳಿಮಾಡಬಹುದು. ಆಗ ಸಕ್ಕರೆಯ ಅಂಕಿ ಅಷ್ಟೇನೂ ಏರದೆ ಇರುವುದರಿಂದ ಮನೆಯವರು ಮೋಸಹೋಗುತ್ತಾರೆ. ಹೊಟ್ಟೆ ತೊಳಸುವಿಕೆ, ಹೊಟ್ಟೆನೋವು, ಏದುಸಿರು, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಗೆ ಮೂರು ನಾಲ್ಕು ದಿನ ಮುಂಚೆ ವೈದ್ಯರು ಇದನ್ನು ನಿಲ್ಲಿಸಿಸುತ್ತಾರೆ. ಗುಪ್ತಾಂಗದಲ್ಲಿ ಬೂಷ್ಟಿನ ತುರಿಕೆ ಬರುವುದುಂಟು. ನಾಚಿಕೆಪಟ್ಟು ಮುಚ್ಚಿಡದೆ ಹೇಳಿದರೆ ಬೇಗ ವಾಸಿಯಾಗುತ್ತದೆ. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೆಯೇ ಬದುಕಿರುವ ಮೊದಲ ಬಗೆಯ ಸಕ್ಕರೆ ರೋಗಿಗಳಿಗೆ ಇದು ಸಲ್ಲದು.

ಕಾವಲಿನ ಅಂಚಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ಸಿಹಿಮೂತ್ರಕ್ಕೆ ಬಳಸುವ ವಾಡಿಕೆ ಹಳೆಯದು. ಮೂತ್ರಪಿಂಡ ಸೋರುತ್ತಿರುವವರು ಅದನ್ನು ನಂಬಿ ವೈದ್ಯರ ಮಾತ್ರೆ ಬಿಡುವುದು ಸರಿಯಲ್ಲ. ಗಿಡದಿಂದ ಮದ್ದು ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಸೇಬಿನ ತೊಗಟೆಯ ಕಥೆಯೇ ಅದಕ್ಕೆ ಸಾಕ್ಷಿ. ತೊಗಟೆಗೂ ಮಾತ್ರೆಗೂ ನಡುವೆ ಸುಮಾರು 177 ವರ್ಷಗಳ ಪರೀಕ್ಷೆಯಿದೆ ಎಂಬುದನ್ನು ಮರೆಯಬಾರದು.

ಬೆಲೆಯ ಮಾತನ್ನೂ ಹೇಳಬೇಕು. ಬಂದ ಹೊಸತರಲ್ಲಿ ಈ ಮಾತ್ರೆಗಳು ಬಡವರ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟು 2020ರ ಅಕ್ಟೋಬರಿನಲ್ಲಿ ಮುಗಿದು, ಭಾರತೀಯ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚಿನಲ್ಲಿ ಮುಗಿಯಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ 10 ಲಕ್ಷ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಮುಂದೆ ಮಲಗುವ ಪಾಡು ಅವರಲ್ಲಿ ಎಷ್ಟು ಮಂದಿಗೆ ತಪ್ಪಿದರೂ ಅದು ದೊಡ್ಡ ಲಾಭ. ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಪ್ರಕಟಿಸಿ ಬಡವರಿಗೆ ಆ ಸೌಕರ್ಯ ಕಲ್ಪಿಸಿದೆ. ಆದರೂ ಹಳ್ಳಿಯಿಂದ ಬಸ್ಸು ಹಿಡಿದು ಹೋಗಿ ಬರುವವನಿಗೆ ಅರ್ಧ ಆಯುಷ್ಯ ದಾರಿಯಲ್ಲೇ ಕಳೆಯುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿರುವ ಓದುಗರು ಎರಡು ಪರೀಕ್ಷೆಗಳನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಲಿ: ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್. ಮೊದಲನೆಯದನ್ನು ಬಹಳ ಜನ ಮಾಡಿಸುತ್ತಾರೆ. ಎರಡನೆಯದನ್ನು ಮಾಡಿಸುವವರು ಕಡಿಮೆ. ಏರಿ ಒಡೆಯುವುದಕ್ಕೆ ಬಹಳ ಮುಂಚೆ ಸಣ್ಣ ಜಿನುಗು ಕಾಣುವುದು ಆ ಎರಡನೆಯದರಲ್ಲಿಯೇ.

ಮರುದಿನ ತಂದೆ ಮಗ ಇಬ್ಬರೂ ಕಾಗದಗಳನ್ನು ಹಿಡಿದು ವೈದ್ಯರ ಬಳಿಗೆ ಹೋದರು. ಕ್ರಿಯಾಟಿನಿನ್ ಏರಿದ್ದು ಲೆಕ್ಕದೊಳಗೇ ಇತ್ತು. ಮಾತ್ರೆ ಮತ್ತೆ ಶುರುವಾಯಿತು. ಊಟ ಬಿಟ್ಟ ದಿನ, ಭೇದಿಯಾದ ದಿನ ನುಂಗಬೇಡಿರೆಂದು ವೈದ್ಯರು ಚೀಟಿಯ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟಿದ್ದರು. ಸಂಜೆ ಜಗಲಿಗೆ ಬಂದ ಹಿರಿಯರು ಚೀಟಿಯನ್ನು ನನ್ನ ಕೈಗಿತ್ತು ಓದಿಸಿಕೊಂಡರು. “ಹಂಗಾರೆ ಮೇಷ್ಟ್ರೇ, ಸೇಂದಿಲ್ಲದ ಕಾವಲಿಗೆ ಇದೊಂದು ವರ್ಷ ದನ ಬಿಡಬ್ಯಾಡ ಅಂದಂಗೆ” ಎಂದರು. ಆಮೇಲೆ ನೀರು ಕೇಳಿ, ಎರಡು ಲೋಟ ಕುಡಿದು ಎದ್ದರು.